ಕೇಳಿಸದೆ ಹೋದ ಒಂದು ಆಜ್ಞೆ



ರೇಡಿಯೋ ಹಾಕಿ ಕೂತವರಿಗೆ ಗರಗರ ಸದ್ದು ಹೊಸದಲ್ಲ. ಮಳೆ ಮೋಡ ಕಟ್ಟಿದ ಸಂಜೆ, ವಾರ್ತೆ ಅರ್ಧಕ್ಕೆ ಬಂದಿರುತ್ತದೆ. ಅಷ್ಟರಲ್ಲಿ ದನಿ ತೇಲಿ ಹೋಗುತ್ತದೆ. ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಒಯ್ಯುತ್ತೇವೆ, ತಿರುಗಿಸುತ್ತೇವೆ, ತಲೆಯ ಮೇಲೆ ಎರಡು ತಟ್ಟುತ್ತೇವೆ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಒಂದು ವಾರ್ತೆ ತಪ್ಪಿತು, ಅಷ್ಟೇ. ನಾಳೆ ಪತ್ರಿಕೆಯಲ್ಲಿ ಓದಿಕೊಂಡರಾಯಿತು.

ಇಂದಿನ ಮಾತು, ಹಾಗೆ ತಪ್ಪಿಹೋದ ಒಂದು ಸಂದೇಶದ ಕುರಿತು. 1945ರ ಜನವರಿ 8. ಬರ್ಲಿನ್ ಬಳಿಯ ಜರ್ಮನ್ ನೌಕಾಪಡೆಯ ಕೇಂದ್ರದಿಂದ ಅಟ್ಲಾಂಟಿಕ್ ಸಾಗರದ ನಡುವೆ ಇದ್ದ ಒಂದು ಜಲಾಂತರ್ಗಾಮಿಗೆ ನಿಸ್ತಂತು ಆಜ್ಞೆ ಹೋಯಿತು. "ಅಮೆರಿಕದ ಕಡೆಗೆ ಹೋಗಬೇಡ, ಜಿಬ್ರಾಲ್ಟರ್ ಕಡೆಗೆ ತಿರುಗು" ಎಂಬುದು ಅದರ ಸಾರಾಂಶ. ಆ ಜಲಾಂತರ್ಗಾಮಿಯ ಹೆಸರು ಯು-869. ಅದರಲ್ಲಿ 56 ಜನ ಇದ್ದರು. ಆಜ್ಞೆ ಅವರಿಗೆ ಮುಟ್ಟಿದ ಯಾವ ಗುರುತೂ ಇಲ್ಲ. ಅವರು ಹಿಡಿದ ದಾರಿಯಲ್ಲೇ ಮುಂದೆ ಹೋದರು. ಒಬ್ಬರೂ ಮರಳಲಿಲ್ಲ.

ಅವರು ಎಲ್ಲಿ ಸತ್ತರು ಎಂಬುದು ಜಗತ್ತಿಗೆ ಗೊತ್ತಾಗಲು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಹೇಗೆ ಸತ್ತರು ಎಂಬ ಬಗ್ಗೆ ಇಂದಿಗೂ ಜಗಳ ನಿಂತಿಲ್ಲ.

ಮೊದಲು ಆ ಜಲಾಂತರ್ಗಾಮಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಬ್ರೆಮೆನ್ ನಗರದ ಹಡಗುಕಟ್ಟೆಯಲ್ಲಿ ಕಟ್ಟಿದ್ದು. 1943ರ ವಸಂತದಲ್ಲಿ ಕೆಲಸ ಶುರುವಾಯಿತು. 1944ರ ಜನವರಿ 26ರಂದು ನೌಕಾಪಡೆಗೆ ಸೇರಿತು. ಉದ್ದ ಸುಮಾರು 77 ಮೀಟರ್. ನಮ್ಮ ರೈಲಿನ ಮೂರು ಬೋಗಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಹತ್ತಿರ ಹತ್ತಿರ ಅಷ್ಟು. ಒಳಗಿನ ಅಗಲ ಮಾತ್ರ ಬೋಗಿಗಿಂತ ಸ್ವಲ್ಪವೇ ಹೆಚ್ಚು. ಅಷ್ಟರೊಳಗೆ ಡೀಸೆಲ್ ಎಂಜಿನ್‌ಗಳು, ವಿದ್ಯುತ್ ಮೋಟರುಗಳು, ಟನ್‌ಗಟ್ಟಲೆ ಬ್ಯಾಟರಿ, ಇಪ್ಪತ್ತಕ್ಕೂ ಹೆಚ್ಚು ಟಾರ್ಪೆಡೊ. ಉಳಿದ ಸಂದಿಗೊಂದಿಯಲ್ಲಿ 56 ಮನುಷ್ಯರು. ಒಬ್ಬ ಎದ್ದು ಪಾಳಿಗೆ ಹೋದರೆ, ಪಾಳಿ ಮುಗಿಸಿ ಬಂದ ಇನ್ನೊಬ್ಬ ಅದೇ ಬೆಚ್ಚಗಿನ ಹಾಸಿಗೆಯಲ್ಲಿ ಮಲಗಬೇಕು. ಸ್ನಾನವೆಂಬುದಿಲ್ಲ. ಡೀಸೆಲ್, ಬೆವರು, ಅಡಿಗೆ, ಬೂಸ್ಟು ಹಿಡಿದ ಬ್ರೆಡ್ಡು ಎಲ್ಲವೂ ಸೇರಿ ಒಂದೇ ವಾಸನೆ.

ಇದು ದೂರ ಹೋಗುವ ಜಾತಿಯ ಜಲಾಂತರ್ಗಾಮಿ. ನೀರಿನ ಮೇಲೆ ನಿಧಾನವಾಗಿ ಸಾಗಿದರೆ, ಒಮ್ಮೆ ತುಂಬಿಸಿದ ಎಣ್ಣೆಯಲ್ಲಿ 25,000 ಕಿಲೋಮೀಟರ್ ಓಡುವ ಶಕ್ತಿ. ನೀರಿನಡಿ ಆಳಕ್ಕೆ ಇಳಿದರೆ ಮಾತ್ರ ಕಥೆ ಬೇರೆ. ಅಲ್ಲಿ ಡೀಸೆಲ್ ನಡೆಯದು, ಬ್ಯಾಟರಿಯೇ ಗತಿ. ಬ್ಯಾಟರಿ ಉಳಿಸಿಕೊಂಡು ಹೋಗಬೇಕೆಂದರೆ, ಬೀದಿಯಲ್ಲಿ ಬಿರುಸಾಗಿ ನಡೆಯುವವನ ವೇಗಕ್ಕಿಂತ ಹೆಚ್ಚಲ್ಲ.

ಕಪ್ತಾನ ಹೆಲ್ಮುಟ್ ನೊಯೆರ್‌ಬುರ್ಗ್. ವಯಸ್ಸು 27. ಹಿಂದೆ ನೌಕಾಪಡೆಯ ವಿಮಾನ ವಿಭಾಗದಲ್ಲಿದ್ದವನು. ಜಲಾಂತರ್ಗಾಮಿಯೊಂದರ ಹೊಣೆ ಅವನಿಗೆ ಬಂದದ್ದು ಇದೇ ಮೊದಲು. ಅವನ ಕೈಕೆಳಗಿದ್ದ ಬಹಳಷ್ಟು ಹುಡುಗರು ಇಪ್ಪತ್ತರ ಆಸುಪಾಸಿನವರು. ಸಮುದ್ರವನ್ನು ಸರಿಯಾಗಿ ನೋಡದವರೂ ಅವರಲ್ಲಿದ್ದರು. ಬಾಲ್ಟಿಕ್ ಸಮುದ್ರದಲ್ಲಿ ತಿಂಗಳುಗಟ್ಟಲೆ ತರಬೇತಿ ನಡೆಯಿತು.

ಈ ಸಿಬ್ಬಂದಿಯಲ್ಲಿ ಒಬ್ಬ ರೇಡಿಯೋ ನಿರ್ವಾಹಕನಿದ್ದ. ಹೊರಡುವ ಸ್ವಲ್ಪ ಮುಂಚೆ ಅವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಸೇರಿಸಿದರು. ಅವನನ್ನು ಬಿಟ್ಟು ಜಲಾಂತರ್ಗಾಮಿ ಹೊರಟಿತು. ಕೇಳುಗರೇ, ಇವನನ್ನು ನೆನಪಿನಲ್ಲಿಟ್ಟುಕೊಳ್ಳಿ.

ಅವರು ಹೊರಟ ಕಾಲವಾದರೂ ಎಂಥದ್ದು? ಮೂರು ವರ್ಷ ಹಿಂದೆ, 1942ರ ಆರಂಭದಲ್ಲಿ, ಬೆರಳೆಣಿಕೆಯ ಜರ್ಮನ್ ಜಲಾಂತರ್ಗಾಮಿಗಳು ಅಮೆರಿಕದ ತೀರಕ್ಕೆ ಹೋಗಿ ಸೂರೆ ಹೊಡೆದಿದ್ದವು. ತೀರದ ಊರುಗಳ ದೀಪ ಆರಿಸಿರಲಿಲ್ಲ. ಆ ಬೆಳಕಿಗೆ ಅಡ್ಡ ಬಂದ ಹಡಗು ಕಪ್ಪಗೆ ಎದ್ದು ಕಾಣುತ್ತಿತ್ತು. ಗುರಿ ಇಡುವುದು ಸುಲಭವಾಗಿತ್ತು. 1944ರ ಕೊನೆಗೆ ಎಲ್ಲವೂ ತಲೆಕೆಳಗಾಗಿತ್ತು. ಆಕಾಶದಲ್ಲಿ ರೇಡಾರ್ ಹೊತ್ತ ವಿಮಾನಗಳು. ನೀರಿನ ಮೇಲೆ ಶಬ್ದದ ಪ್ರತಿಧ್ವನಿಯಿಂದ ಶತ್ರುವನ್ನು ಹುಡುಕುವ ಯುದ್ಧನೌಕೆಗಳು. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳಲ್ಲಿ ಕೆಲಸ ಮಾಡಿದ ಜರ್ಮನ್ನರು ಸುಮಾರು 40,000. ಸತ್ತವರು 30,000ದ ಹತ್ತಿರ. ನಾಲ್ವರಲ್ಲಿ ಮೂವರು. ಬೇಟೆಗೆ ಹೋದವರೇ ಬೇಟೆಯಾಗುತ್ತಿದ್ದ ಕಾಲ ಅದು.

ಇಲ್ಲಿಯವರೆಗೆ ಕೇಳಿದ್ದು ಇಷ್ಟು. ಹೊಸ ಜಲಾಂತರ್ಗಾಮಿ, ಹೊಸ ಕಪ್ತಾನ, ಎಳೆಯ ಹುಡುಗರು, ಕೆಟ್ಟ ಕಾಲ. ಇನ್ನು ಪ್ರಯಾಣಕ್ಕೆ ಬರೋಣ.

1944ರ ನವೆಂಬರ್ ಕೊನೆಗೆ ಯು-869 ಕೀಲ್ ಬಂದರು ಬಿಟ್ಟಿತು. ನಾರ್ವೆಯಲ್ಲಿ ತಂಗಿ, ಡಿಸೆಂಬರ್ 8ರಂದು ಕ್ರಿಸ್ಟಿಯಾನ್‌ಸಾಂಡ್‌ನಿಂದ ಅಟ್ಲಾಂಟಿಕ್‌ಗೆ ಹೊರಟಿತು. ಅಟ್ಲಾಂಟಿಕ್‌ಗೆ ನುಗ್ಗಲು ಎರಡು ದಾರಿ. ಒಂದು, ಐಸ್‌ಲ್ಯಾಂಡಿಗೂ ಅದರ ಆಗ್ನೇಯದ ಫ್ಯಾರೋ ದ್ವೀಪಗಳಿಗೂ ನಡುವಿನದು. ಅದು ಹತ್ತಿರ, ಆದರೆ ಅಪಾಯ. ಇನ್ನೊಂದು, ಐಸ್‌ಲ್ಯಾಂಡನ್ನು ಉತ್ತರದಿಂದ ಬಳಸಿ ಗ್ರೀನ್‌ಲ್ಯಾಂಡ್ ಪಕ್ಕದ ಜಲಸಂಧಿಯಲ್ಲಿ ನುಸುಳುವುದು. ಅದು ದೂರ, ಆದರೆ ಕಾವಲು ಕಡಿಮೆ. ನೊಯೆರ್‌ಬುರ್ಗ್ ಬಳಸುದಾರಿ ಹಿಡಿದ. ಮೊದಲ ಸಲ ಮನೆಯ ಯಜಮಾನಿಕೆ ವಹಿಸಿಕೊಂಡವನ ಎಚ್ಚರಿಕೆ ಅದು. ತಪ್ಪೆನ್ನಲು ಬರುವುದಿಲ್ಲ.

ಆದರೆ ಬರ್ಲಿನ್ನಿಗೆ ಇದು ತಿಳಿಯಲಿಲ್ಲ. ಏಕೆಂದರೆ ಅವನು ಬಾಯಿ ಬಿಡಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಲಾಂತರ್ಗಾಮಿಗೆ ರೇಡಿಯೋ ಎಂದರೆ ಉಭಯಸಂಕಟ. ಕೇಳುವುದರಿಂದ ತೊಂದರೆಯಿಲ್ಲ, ಎಷ್ಟು ಬೇಕಾದರೂ ಕೇಳಬಹುದು. ಮಾತಾಡಿದರೆ ಕೆಟ್ಟಿತು. ಅದು ಒಂದು ಚುಟುಕು ಸಂಕೇತ ಕಳಿಸಿದರೂ ಸಾಕು. ಎದುರಾಳಿಯ ಹಡಗು, ತೀರದ ಠಾಣೆ ಎಲ್ಲವೂ ಆ ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಅಳೆಯುತ್ತವೆ. ಮೂರು ಕಡೆಯಿಂದ ಗೆರೆ ಎಳೆದರೆ ಮೂರೂ ಸೇರುವ ಜಾಗದಲ್ಲಿ ಜಲಾಂತರ್ಗಾಮಿ ಇರುತ್ತದೆ. ಹಾಗಾಗಿ ಸುಮ್ಮನಿದ್ದವನು ಬದುಕಿದ. ಆದರೆ ಸುಮ್ಮನಿರುವವನು ಬದುಕಿದ್ದಾನೋ ಇಲ್ಲವೋ ಎಂದು ಮನೆಯವರಿಗೆ ಗೊತ್ತಾಗುವುದು ಹೇಗೆ?

ಡಿಸೆಂಬರ್ ಕೊನೆಯ ವಾರ ಯು-869ರ ವರದಿ ಬರಬೇಕಿತ್ತು. ಬರಲಿಲ್ಲ. ಕೇಂದ್ರದವರು ಕೇಳಿದರು, ಮತ್ತೆ ಕೇಳಿದರು. ಹೊಸ ವರ್ಷ ಬಂತು. ಜನವರಿ ಮೊದಲ ವಾರದಲ್ಲಿ ಕೊನೆಗೂ ಒಂದು ಸಂದೇಶ ಕೇಂದ್ರಕ್ಕೆ ಸಿಕ್ಕಿತು. ಸ್ಥಾನ ನೋಡಿದರೆ, ಎಣಿಸಿದ್ದಕ್ಕಿಂತ ಬಹಳ ಹಿಂದೆ ಇದ್ದಾನೆ. ಬಳಸುದಾರಿಯಲ್ಲಿ ಎಣ್ಣೆಯೂ ಖರ್ಚಾಗಿದೆ, ದಿನವೂ ಖರ್ಚಾಗಿದೆ. ಇವನಿಗೆ ಮೊದಲು ಕೊಟ್ಟಿದ್ದ ಗುರಿ ನ್ಯೂಯಾರ್ಕ್ ಬಂದರಿನ ಹೊರಗಿನ ಸಮುದ್ರ. ಅಲ್ಲಿಗೆ ಹೋದರೂ ಬಹಳ ದಿನ ನಿಲ್ಲಲಾರ. ಲೆಕ್ಕ ಹಾಕಿದ ಕೇಂದ್ರ, ಜನವರಿ 8ರಂದು ಗುರಿ ಬದಲಿಸಿತು. ಜಿಬ್ರಾಲ್ಟರ್‌ಗೆ ಹೋಗು ಎಂದಿತು.

ಉತ್ತರ ಬರಲಿಲ್ಲ. ಕೇಂದ್ರ ಅದನ್ನು ವಿಚಿತ್ರವೆಂದು ತಿಳಿಯಲಿಲ್ಲ. ಮೊದಲೇ ಮೌನಿ, ಈಗಲೂ ಮೌನವಾಗಿಯೇ ತಿರುಗಿರುತ್ತಾನೆ ಎಂದುಕೊಂಡರು. ನಕಾಶೆಯ ಮೇಲೆ ಅವನ ಗುರುತನ್ನು ಪೂರ್ವಕ್ಕೆ, ಸ್ಪೇನ್ ಮತ್ತು ಆಫ್ರಿಕಾ ನಡುವಿನ ಜಿಬ್ರಾಲ್ಟರ್ ಕಡೆಗೆ ಸರಿಸಿದರು. ಸಮುದ್ರದ ಮೇಲೆ ಅವನು ಪಶ್ಚಿಮಕ್ಕೆ ಹೋಗುತ್ತಿದ್ದ.

ಆಜ್ಞೆ ಏಕೆ ಮುಟ್ಟಲಿಲ್ಲ? ಚಳಿಗಾಲದ ಅಟ್ಲಾಂಟಿಕ್‌ನಲ್ಲಿ ರೇಡಿಯೋ ಅಲೆಗಳು ಕೈಕೊಡುವುದು ಸಾಮಾನ್ಯ. ಅಥವಾ ಯಂತ್ರ ಕೆಟ್ಟಿದ್ದಿರಬಹುದು. ಹೇಳಬೇಕಾದವರು ಒಬ್ಬರೂ ಉಳಿದಿಲ್ಲ.

ಈಗ ಸ್ವಾರಸ್ಯದ ಮಾತು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಈ ಗೋಡೆಗೆ ದೊಡ್ಡ ಕಿವಿಗಳೇ ಇದ್ದವು. ಜರ್ಮನ್ನರ ಎನಿಗ್ಮಾ ಎಂಬ ಗುಪ್ತಲಿಪಿ ಯಂತ್ರದ ಗುಟ್ಟನ್ನು ಬ್ರಿಟಿಷರೂ ಅಮೆರಿಕನ್ನರೂ ಆ ಹೊತ್ತಿಗೆ ಬಿಡಿಸಿದ್ದರು. ಬರ್ಲಿನ್ ಹೇಳಿದ್ದೂ, ಜಲಾಂತರ್ಗಾಮಿ ಹೇಳಿದ್ದೂ ಅವರಿಗೆ ಕೇಳುತ್ತಿತ್ತು. ಆಜ್ಞೆಯ ಗೊಂದಲವನ್ನು ಅಮೆರಿಕದ ಬೇಹುಗಾರಿಕೆಯವರು ಆಗಲೇ ಗಮನಿಸಿದರು. ಕೇಂದ್ರ ಇವನು ಜಿಬ್ರಾಲ್ಟರ್‌ಗೆ ಹೋಗುತ್ತಿದ್ದಾನೆ ಎಂದುಕೊಂಡಿದೆ, ಆದರೆ ಇವನು ನ್ಯೂಯಾರ್ಕ್ ಕಡೆಗೇ ಬರುತ್ತಿರಬಹುದು ಎಂದು ಜನವರಿಯಲ್ಲೇ ಬರೆದಿಟ್ಟರು. ಹೇಳಿದವರಿಗೂ ಗೊತ್ತಿಲ್ಲ, ಕೇಳಬೇಕಾದವರಿಗೂ ಗೊತ್ತಿಲ್ಲ, ಕದ್ದು ಕೇಳಿದವರಿಗೆ ಗೊತ್ತು!

ಫೆಬ್ರವರಿ ಬಂತು. ಯು-869ರ ಸದ್ದಿಲ್ಲ. ಮಾರ್ಚ್, ಏಪ್ರಿಲ್. ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಬದುಕಿದ್ದ ಜಲಾಂತರ್ಗಾಮಿಗಳು ಒಂದೊಂದಾಗಿ ನೀರಿನ ಮೇಲೆ ಬಂದವು. ಯು-869 ಬರಲಿಲ್ಲ. ಅದರ ಸೇವೆಯೆಂದರೆ ಒಂದೇ ಒಂದು ಗಸ್ತು. ಅದು ಮುಳುಗಿಸಿದ ಹಡಗುಗಳ ಸಂಖ್ಯೆ ಸೊನ್ನೆ.

ಇಷ್ಟನ್ನು ನೆನಪಿನಲ್ಲಿಟ್ಟುಕೊಳ್ಳೋಣ: ನಕಾಶೆಯಲ್ಲಿ ಪೂರ್ವ, ನೀರಿನಲ್ಲಿ ಪಶ್ಚಿಮ. ಮುಂದಿನ ಐವತ್ತು ವರ್ಷದ ಎಡವಟ್ಟೆಲ್ಲ ಹುಟ್ಟಿದ್ದು ಇಲ್ಲಿಂದ.

ಯುದ್ಧ ಮುಗಿದ ಮೇಲೆ ಗೆದ್ದವರು ಲೆಕ್ಕ ಬರೆಯಲು ಕೂತರು. ಒಂದು ಕಡೆ ಕಾಣೆಯಾದ ಜಲಾಂತರ್ಗಾಮಿಗಳ ಪಟ್ಟಿ. ಇನ್ನೊಂದು ಕಡೆ ತಮ್ಮ ಹಡಗುಗಳೂ ವಿಮಾನಗಳೂ ನಡೆಸಿದ ದಾಳಿಗಳ ಪಟ್ಟಿ. ಎರಡನ್ನೂ ಹೊಂದಿಸಬೇಕು. ಸಂತೆಯ ಲೆಕ್ಕದ ಹಾಗೆ, ಜಮೆ ಒಂದು ಕಡೆ, ಖರ್ಚು ಒಂದು ಕಡೆ, ಕೊನೆಗೆ ತಾಳೆಯಾಗಬೇಕು. ಯು-869ರ ಎದುರು ಬರೆಯಲು ಏನಾದರೂ ಬೇಕಿತ್ತು. ಅದು ಜಿಬ್ರಾಲ್ಟರ್‌ಗೆ ಹೊರಟಿತ್ತು ಎಂದು ಜರ್ಮನ್ ಕಾಗದ ಹೇಳುತ್ತಿತ್ತು. 1945ರ ಫೆಬ್ರವರಿ 28ರಂದು ಮೊರಾಕೊ ತೀರದ ಹೊರಗೆ ಒಂದು ಅಮೆರಿಕನ್ ಯುದ್ಧನೌಕೆಯೂ ಒಂದು ಫ್ರೆಂಚ್ ಗಸ್ತು ಹಡಗೂ ನೀರಿನಡಿಯ ಏನನ್ನೋ ಬಡಿದಿದ್ದವು. ಆ ದಾಳಿಗೆ ಯುದ್ಧಕಾಲದಲ್ಲಿ ಸಿಕ್ಕಿದ್ದು ಕೆಳದರ್ಜೆಯ ಅಂಕ. ಏನೂ ಆಗಿಲ್ಲ ಎಂಬ ಅಭಿಪ್ರಾಯ. ಈಗ ಅಂಕ ಏರಿತು. ಬಹುಶಃ ಮುಳುಗಿತು ಎಂದು ಬರೆದರು. ಯು-869ರ ಹೆಸರು ಅದರ ಮುಂದೆ ಕೂತಿತು. ಲೆಕ್ಕ ತಾಳೆಯಾಯಿತು.

ಹಾಗಾದರೆ ಕದ್ದು ಕೇಳಿದವರ ಟಿಪ್ಪಣಿ? ಅದು ಕಪಾಟಿನಲ್ಲಿತ್ತು. ಎನಿಗ್ಮಾ ಬಿಡಿಸಿದ ಗುಟ್ಟು ಸಾರ್ವಜನಿಕರಿಗೆ ತಿಳಿದದ್ದೇ 1970ರ ದಶಕದಲ್ಲಿ. ಅಷ್ಟರಲ್ಲಿ 'ಬಹುಶಃ' ಎಂಬ ಪದ ಸವೆದು ಹೋಗಿತ್ತು. ಪುಸ್ತಕಗಳು ಒಂದನ್ನು ನೋಡಿ ಇನ್ನೊಂದು ಬರೆದುಕೊಂಡವು. 56 ಕುಟುಂಬಗಳು ತಮ್ಮ ಮಕ್ಕಳು ಆಫ್ರಿಕಾದ ಹತ್ತಿರ ಇದ್ದಾರೆಂದು ನಂಬಿದವು. ಕಚೇರಿಯ ಕಾಗದಕ್ಕೆ ಅಂಥ ಶಕ್ತಿ ಇದೆ. ನಮ್ಮ ಪಹಣಿಯಲ್ಲಿ ಒಮ್ಮೆ ತಪ್ಪು ಹೆಸರು ಬಿದ್ದವರನ್ನು ಕೇಳಿದರೆ ಗೊತ್ತಾಗುತ್ತದೆ.

ಈಗ ಸಾಗರದ ಇನ್ನೊಂದು ದಡಕ್ಕೆ ಹೋಗೋಣ. ವರ್ಷ 1991. ಅಮೆರಿಕದ ನ್ಯೂಜೆರ್ಸಿ ತೀರ.

ಅಲ್ಲಿ ಬಿಲ್ ನೇಗಲ್ ಎಂಬವನೊಬ್ಬ ಇದ್ದ. 'ಸೀಕರ್' ಎಂಬ ದೋಣಿಯ ಒಡೆಯ. ಮುಳುಗಿದ ಹಡಗುಗಳನ್ನು ನೋಡಲು ಹೋಗುವ ಡೈವರ್‌ಗಳನ್ನು ಕರೆದೊಯ್ಯುವುದು ಅವನ ಕಸುಬು. ಮೀನು ಹಿಡಿಯುವವನೊಬ್ಬ ಅವನಿಗೆ ಒಂದು ಜಾಗ ತಿಳಿಸಿದ. ಸಮುದ್ರದ ತಳದಲ್ಲಿ ಏನಾದರೂ ಬಿದ್ದಿದ್ದರೆ ಅದರ ಸುತ್ತ ಮೀನು ಸೇರುತ್ತದೆ, ಆ ಗುಟ್ಟು ಮೀನುಗಾರರಿಗೆ ಗೊತ್ತು. ಸೆಪ್ಟೆಂಬರ್ 2ರಂದು ಸೀಕರ್ ಅಲ್ಲಿಗೆ ಹೋಯಿತು. ತೀರದಿಂದ ಸುಮಾರು 100 ಕಿಲೋಮೀಟರ್. ಆಳ 70 ಮೀಟರ್.

70 ಮೀಟರ್ ಎಂದರೆ ಇಪ್ಪತ್ತು ಮಹಡಿಯ ಕಟ್ಟಡ. ಹವ್ಯಾಸಕ್ಕೆ ಧುಮುಕುವವರಿಗೆ ಹಾಕಿರುವ ಗೆರೆ 40 ಮೀಟರ್. ಅದರ ಕೆಳಗೆ ಗಾಳಿಯಲ್ಲಿರುವ ನೈಟ್ರೋಜನ್ ತಲೆಗೇರುತ್ತದೆ. ಹೆಂಡ ಕುಡಿದವನ ಸ್ಥಿತಿ. ಕೆಳಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಇದ್ದು ಬರಲು, ಮೇಲೆ ಬರುವ ದಾರಿಯಲ್ಲಿ ಹಗ್ಗ ಹಿಡಿದು ಒಂದು ಗಂಟೆಗೂ ಮೇಲೆ ತೂಗಾಡಬೇಕು. ಅವಸರಪಟ್ಟು ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ, ಜೀವ ಹೋಗುತ್ತದೆ. ನೀರು ಚಳಿ. ಬೆಳಕು ಕೈದೀಪದಷ್ಟೇ.

ಮೊದಲು ಇಳಿದವನು ಜಾನ್ ಚಾಟರ್ಟನ್. ಕತ್ತಲಲ್ಲಿ ಒಂದು ಉಕ್ಕಿನ ಗೋಡೆ ಸಿಕ್ಕಿತು. ಒಡಲು ಬಾಗಿದೆ. ತೆರೆದ ಬಾಗಿಲೊಂದರೊಳಗೆ ದೀಪ ಹಿಡಿದರೆ ಟಾರ್ಪೆಡೊ ಕಂಡಿತು. ಇದು ಜಲಾಂತರ್ಗಾಮಿ! ಮುಂದಿನ ಸಲ ಅವನು ಪಿಂಗಾಣಿ ಪಾತ್ರೆಗಳನ್ನು ಮೇಲೆ ತಂದ. ತಿರುಗಿಸಿ ನೋಡಿದರೆ ಹದ್ದು, ಸ್ವಸ್ತಿಕ, 1942ರ ಇಸವಿ. ಜರ್ಮನ್ನರದ್ದೇ ಎಂಬುದು ಖಚಿತವಾಯಿತು. ಆದರೆ ಯಾವುದು? ಪುಸ್ತಕ ತೆರೆದರೆ, ಆ ಜಾಗದ ಹತ್ತಿರ ಯಾವ ಜರ್ಮನ್ ಜಲಾಂತರ್ಗಾಮಿಯೂ ಮುಳುಗಿಲ್ಲ. ಸರ್ಕಾರಗಳನ್ನು ಕೇಳಿದರು, ಪತ್ರಾಗಾರಗಳನ್ನು ಕೇಳಿದರು. ಎಲ್ಲರೂ ಹೇಳಿದ್ದು ಒಂದೇ: ಅಲ್ಲಿ ಏನೂ ಇರಲು ಸಾಧ್ಯವಿಲ್ಲ. ಡೈವರ್‌ಗಳು ಅದಕ್ಕೆ ತಮಾಷೆಗೆ 'ಯು-ಹೂ' ಎಂದು ಹೆಸರಿಟ್ಟರು. ಕನ್ನಡದಲ್ಲಿ 'ಯು-ಯಾರು' ಎಂದ ಹಾಗೆ.

ಚಾಟರ್ಟನ್ ಜೊತೆಗೆ ರಿಚಿ ಕೋಲರ್ ಎಂಬ ಇನ್ನೊಬ್ಬ ಡೈವರ್ ಸೇರಿಕೊಂಡ. ಇಬ್ಬರಿಗೂ ಇದು ಹುಚ್ಚಾಗಿ ಹಿಡಿಯಿತು. ಒಳಗೆ ಸತ್ತವರ ಎಲುಬುಗಳಿದ್ದವು, ಬೂಟುಗಳಿದ್ದವು. ಬಟ್ಟೆಯ ಜೇಬು ತಡಕಿದರೆ ಗುರುತಿನ ಚೀಟಿಯೋ ಕೈಗಡಿಯಾರವೋ ಸಿಕ್ಕೀತು, ಒಗಟು ಒಂದೇ ದಿನಕ್ಕೆ ಬಿಡಿಸಿದಂತಾದೀತು. ಎಲುಬನ್ನು ಮುಟ್ಟಬಾರದು ಎಂದು ಇಬ್ಬರೂ ನಿಶ್ಚಯಿಸಿದರು. ಆರು ವರ್ಷ ಆ ಮಾತಿಗೆ ನಿಂತರು. ಇವರ ಸಾಹಸವನ್ನು ಹೊಗಳುವವರು ಬಹಳ. ಈ ಸಂಯಮ ಅದಕ್ಕಿಂತ ದೊಡ್ಡದೆಂದು ತೋರುತ್ತದೆ.

ಆ ಆಳ ಸಾಲ ಕೊಟ್ಟು ಸುಮ್ಮನಿರುವಂಥದ್ದಲ್ಲ. ಮೊದಲ ವರ್ಷವೇ ಒಬ್ಬ ಡೈವರ್ ಅಲ್ಲಿ ಸತ್ತ. ಮರುವರ್ಷ ಒಂದೇ ದಿನ ಅಪ್ಪ, ಮಗ ಇಬ್ಬರೂ ಹೋದರು. ಯುದ್ಧ ಮುಗಿದು ಅರ್ಧ ಶತಮಾನವಾಗುತ್ತಿದ್ದಾಗ ಆ ಜಲಾಂತರ್ಗಾಮಿ ಮೂರು ಜೀವ ತೆಗೆದುಕೊಂಡಿತು.

ನಡುವೆ ಒಂದು ಚಾಕು ಸಿಕ್ಕಿತು. ಶಸ್ತ್ರವಲ್ಲ, ಊಟಕ್ಕೆ ಬಳಸುವ ಸಾಮಾನ್ಯ ಚಾಕು. ಮರದ ಹಿಡಿ. ಕೆಸರು ಒರೆಸಿದಾಗ ಹಿಡಿಯ ಮೇಲೆ ಅಕ್ಷರಗಳು ಕಂಡವು. ಯಾರೋ ಬೇಸರದ ಹೊತ್ತಿನಲ್ಲಿ, ತನ್ನ ಚಾಕು ಬೇರೆಯವರ ಪಾಲಾಗದಿರಲಿ ಎಂದು, ಒಂದೊಂದೇ ಅಕ್ಷರ ಕೆತ್ತಿ ತನ್ನ ಮನೆತನದ ಹೆಸರು ಬರೆದುಕೊಂಡಿದ್ದ. ನಮ್ಮ ಹಳ್ಳಿಗಳಲ್ಲಿ ತಂಬಿಗೆ, ತಟ್ಟೆಗಳ ಮೇಲೆ ಹೆಸರು ಕೊರೆಸುವುದಿಲ್ಲವೇ, ಹಾಗೆ. ಐವತ್ತು ವರ್ಷ ಉಪ್ಪುನೀರು ಕುಡಿದೂ ಆ ಹೆಸರು ಅಳಿದಿರಲಿಲ್ಲ.

ಒಗಟು ಬಿಡಿಸಿದಂತಾಯಿತು ಎಂದುಕೊಂಡಿರಾ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಸರನ್ನು ಜರ್ಮನ್ ದಾಖಲೆಗಳಲ್ಲಿ ಹುಡುಕಿದಾಗ ಉತ್ತರ ಬಂತು: ಹೌದು, ಆ ಹೆಸರಿನವನೊಬ್ಬ ಇದ್ದ. ರೇಡಿಯೋ ವಿಭಾಗದವನು. ಯು-869ರಲ್ಲಿದ್ದ. ಆದರೆ ಯು-869 ಮುಳುಗಿದ್ದು ಆಫ್ರಿಕಾದ ಹತ್ತಿರ, ಇಲ್ಲಿಂದ 5,000 ಕಿಲೋಮೀಟರಿಗೂ ಆಚೆ. ಆದ್ದರಿಂದ ಇದು ಅದಲ್ಲ! ಕೈಯಲ್ಲಿದ್ದ ಚಾಕುವಿಗಿಂತ ಕಪಾಟಿನಲ್ಲಿದ್ದ ಕಾಗದ ದೊಡ್ಡದಾಯಿತು. ಚಾಕುವನ್ನು ಯಾರಿಗೋ ಕೊಟ್ಟಿರಬಹುದು, ಕದ್ದಿರಬಹುದು ಎಂದು ಸಮಾಧಾನ ಹೇಳಿಕೊಂಡರು. ಇದು ಯು-857 ಇರಬಹುದೆಂದು ಸ್ವಲ್ಪ ಕಾಲ ಅದರ ಬೆನ್ನು ಹತ್ತಿದರು. ಅದೂ 1945ರಲ್ಲಿ ಕಾಣೆಯಾದದ್ದೇ.

ಕೊನೆಗೆ ದಾರಿ ಕಂಡದ್ದು ಲಂಡನ್ನಿನಲ್ಲಿ. ಅಲ್ಲಿನ ರಕ್ಷಣಾ ಇಲಾಖೆಯ ಇತಿಹಾಸ ವಿಭಾಗದಲ್ಲಿ ಹಳೆಯ ನಿಸ್ತಂತು ಸಂದೇಶಗಳ ದಾಖಲೆ ಇತ್ತು. ಯು-869ರ ಮೊದಲ ಗುರಿ ನ್ಯೂಯಾರ್ಕ್ ಎಂಬುದು ಅದರಲ್ಲಿ ಬಯಲಾಯಿತು. ಗುರಿ ಬದಲಿಸಿದ ಆಜ್ಞೆ ಇತ್ತು. ಆಜ್ಞೆ ಮುಟ್ಟಿತು ಎಂಬ ಉತ್ತರ ಮಾತ್ರ ಎಲ್ಲೂ ಇರಲಿಲ್ಲ.

ಆದರೂ ಡೈವರ್‌ಗಳಿಗೆ ಸಮಾಧಾನವಿಲ್ಲ. ಕಾಗದದ ತಪ್ಪನ್ನು ಇನ್ನೊಂದು ಕಾಗದದಿಂದ ತಿದ್ದುವುದು ಬೇಡ, ಜಲಾಂತರ್ಗಾಮಿಯೇ ತನ್ನ ಹೆಸರು ಹೇಳಲಿ ಎಂಬುದು ಅವರ ಹಟ. 1997ರ ಆಗಸ್ಟ್. ಹಿಂಭಾಗದ ವಿದ್ಯುತ್ ಮೋಟರ್ ಕೋಣೆಯ ದಾರಿಗೆ ಕುಸಿದ ಉಕ್ಕು ಅಡ್ಡ ಬಿದ್ದಿತ್ತು. ಮೇಲೆ ಸಂದು ಇತ್ತು, ಆದರೆ ಬೆನ್ನಿನ ಗಾಳಿಯ ಸಿಲಿಂಡರು ಹೊತ್ತು ನುಸುಳಲು ಆಗದು. ಚಾಟರ್ಟನ್ ಸಿಲಿಂಡರನ್ನು ಬೆನ್ನಿನಿಂದ ಇಳಿಸಿ, ಮುಂದೆ ತಳ್ಳಿಕೊಂಡು, ಮೈ ತೂರಿಸಿದ. 70 ಮೀಟರ್ ಕೆಳಗೆ, ಹೂಳು ಎದ್ದ ಕತ್ತಲಲ್ಲಿ. ಅವನು ಅಲ್ಲಿಂದ ತಂದದ್ದು ಬಿಡಿಭಾಗಗಳ ಪೆಟ್ಟಿಗೆ. ಅದಕ್ಕೆ ಅಂಟಿದ್ದ ಪುಟ್ಟ ಪಟ್ಟಿಯ ಮೇಲೆ ಬರೆದಿತ್ತು: ಯು-869.

ಇಲ್ಲಿಗೆ 'ಎಲ್ಲಿ' ಎಂಬ ಪ್ರಶ್ನೆ ಮುಗಿಯಿತು. ಜಿಬ್ರಾಲ್ಟರ್ ಅಲ್ಲ, ನ್ಯೂಜೆರ್ಸಿ. ಇನ್ನು ಉಳಿದದ್ದು 'ಹೇಗೆ'.

ಬಿದ್ದಿರುವ ಒಡಲನ್ನು ಕಲ್ಪಿಸಿಕೊಳ್ಳಿ. ನಡುಭಾಗದಲ್ಲಿ, ನಿಯಂತ್ರಣ ಕೋಣೆಯ ಜಾಗದಲ್ಲಿ ಒಂದು ದೊಡ್ಡ ಕಂಡಿ. ಉಕ್ಕು ಹರಿದು ಒಳಗೆ ಮಡಚಿದೆ. ಹಿಂಭಾಗದಲ್ಲಿ ಇನ್ನೊಂದು ಗಾಯ. ಇದಕ್ಕೆ ಎರಡು ವಿವರಣೆಗಳಿವೆ.

ಮೊದಲನೆಯದು ಡೈವರ್‌ಗಳದ್ದು. ಅದು ನಡುಕ ಹುಟ್ಟಿಸುವಂಥದ್ದು. ಜರ್ಮನ್ನರು ಆ ಹೊತ್ತಿಗೆ ಕಿವಿಯುಳ್ಳ ಟಾರ್ಪೆಡೊ ಮಾಡಿದ್ದರು. ಒಂದು ಪುಟ್ಟ ಹಾಡುಹಕ್ಕಿಯ ಹೆಸರು ಇಟ್ಟಿದ್ದರು ಅದಕ್ಕೆ. ಹಡಗಿನ ಪಂಖದ ಸದ್ದು ಕೇಳಿ, ಸದ್ದಿನ ಕಡೆಗೆ ತಿರುಗಿ ಓಡುತ್ತಿತ್ತು. ಎಲ್ಲ ಸದ್ದೂ ಅದಕ್ಕೆ ಒಂದೇ, ನಮ್ಮವರು ತಮ್ಮವರು ಎಂಬ ಭೇದ ಗೊತ್ತಿಲ್ಲ. ಆದ್ದರಿಂದ ಅದನ್ನು ಬಿಟ್ಟ ಕೂಡಲೇ ಜಲಾಂತರ್ಗಾಮಿ ಆಳಕ್ಕೆ ಇಳಿದು ಉಸಿರು ಬಿಗಿಹಿಡಿದು ನಿಲ್ಲಬೇಕೆಂಬ ನಿಯಮವಿತ್ತು. ಯು-869 ಬಿಟ್ಟ ಟಾರ್ಪೆಡೊ ಗುರಿ ತಪ್ಪಿ ಸುತ್ತು ಹೊಡೆದು ತನ್ನ ಒಡೆಯನನ್ನೇ ಬಡಿದಿರಬಹುದು ಎಂಬುದು ಈ ವಾದ. ಇದು ಬರೀ ಊಹೆಯ ಅಪಾಯವಲ್ಲ. 1944ರ ಅಕ್ಟೋಬರ್‌ನಲ್ಲಿ ಅಮೆರಿಕದ 'ಟ್ಯಾಂಗ್' ಎಂಬ ಜಲಾಂತರ್ಗಾಮಿ ತಾನೇ ಬಿಟ್ಟ ಟಾರ್ಪೆಡೊ ಬಡಿದು ಮುಳುಗಿತು. ಬದುಕಿ ಉಳಿದ ಒಂಬತ್ತು ಜನ ಅದನ್ನು ಹೇಳಿದರು.

ಎರಡನೆಯದು ದಾಖಲೆಗಳಿಂದ ಬಂದದ್ದು. 1945ರ ಫೆಬ್ರವರಿ 11ರಂದು, ಅದೇ ಜಾಗದ ಬಳಿ, 'ಹೋವರ್ಡ್ ಡಿ. ಕ್ರೋ' ಎಂಬ ಬೆಂಗಾವಲು ನೌಕೆಗೆ ನೀರಿನಡಿಯಿಂದ ಪ್ರತಿಧ್ವನಿ ಸಿಕ್ಕಿತು. ಅದು ಬಾಂಬು ಎಸೆಯಿತು. 'ಕೊಯ್ನರ್' ಎಂಬ ಇನ್ನೊಂದು ನೌಕೆಯೂ ಬಂದು ಸೇರಿತು. ಎಣ್ಣೆ ಮೇಲೆ ಬಂತು, ಗಾಳಿಯ ಗುಳ್ಳೆಗಳು ಬಂದವು. ಕೆಳಗಿನದು ಅಲುಗಾಡಲಿಲ್ಲ. ಇದು ಯಾವುದೋ ಹಳೆಯ ಮುಳುಗಿದ ಹಡಗು ಎಂದು ತೀರ್ಮಾನಿಸಿ ಎರಡೂ ಹೊರಟುಹೋದವು. 2005ರಲ್ಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆ ಈ ಕಡತವನ್ನು ಮತ್ತೆ ನೋಡಿ, ಯು-869 ಮುಳುಗಿದ್ದು ಈ ದಾಳಿಯಿಂದಲೇ ಎಂದಿತು. ಆ ಎರಡು ನೌಕೆಗಳಲ್ಲಿದ್ದವರು ಅದೇ ಪಡೆಯ ಹುಡುಗರು ಎಂಬುದನ್ನೂ ಹೇಳಿಬಿಡಬೇಕು. ತಮ್ಮ ಮಕ್ಕಳ ಉತ್ತರ ಪತ್ರಿಕೆಯನ್ನು ತಾವೇ ತಿದ್ದಿದಂತಾಯಿತು. ಹಾಗೆಂದು ಅಂಕ ತಪ್ಪೆನ್ನಲು ಆಗದು.

ಎರಡನ್ನೂ ಸೇರಿಸಿ ಹೇಳುವವರಿದ್ದಾರೆ. ಮೊದಲು ತನ್ನ ಟಾರ್ಪೆಡೊ ತಗುಲಿ ಮುಳುಗಿತು, ಆಮೇಲೆ ಬಂದ ನೌಕೆಗಳು ಸತ್ತದ್ದನ್ನೇ ಬಡಿದವು, ಹಾಗಾಗಿ ಎರಡು ಗಾಯ ಎನ್ನುತ್ತಾರೆ. ತೂಗಿ ನೋಡಿದರೆ ಫೆಬ್ರವರಿ 11ರ ದಾಳಿಯ ಕಡೆ ತಕ್ಕಡಿ ಸ್ವಲ್ಪ ವಾಲುತ್ತದೆ. ಅದಕ್ಕೆ ತಾರೀಖಿದೆ, ಜಾಗವಿದೆ, ಮೇಲೆ ಬಂದ ಎಣ್ಣೆಯಿದೆ. ಸುತ್ತಿ ಬಂದ ಟಾರ್ಪೆಡೊವನ್ನು ಕಂಡವರು, ಕೇಳಿದವರು ಯಾರೂ ಇಲ್ಲ. ಆದರೆ 'ಬಹುಶಃ' ಎಂಬ ಪದವನ್ನು ಈ ಸಲ ಅಳಿಸದೆ ಇಡುವುದು ಒಳ್ಳೆಯದು.

ನಮ್ಮ ದೇಶದವರಿಗೆ ಈ ವಾದ ಎಲ್ಲೋ ಕೇಳಿದಂತಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. 1971ರ ಡಿಸೆಂಬರ್ 3ರ ನಡುರಾತ್ರಿ ದಾಟಿದ ಹೊತ್ತಿಗೆ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ 'ಗಾಜಿ' ಜಲಾಂತರ್ಗಾಮಿ ಮುಳುಗಿತು. ಒಬ್ಬರೂ ಉಳಿಯಲಿಲ್ಲ. ನಮ್ಮ 'ರಜಪೂತ್' ನೌಕೆ ಎಸೆದ ಬಾಂಬಿನಿಂದ ಎಂದು ಭಾರತ ಹೇಳಿತು. ತನ್ನದೇ ಸ್ಫೋಟಕದಿಂದ ಎಂದು ಪಾಕಿಸ್ತಾನ ಹೇಳಿತು. ಅರ್ಧ ಶತಮಾನ ದಾಟಿದರೂ ಎರಡು ಮಾತೂ ಹಾಗೆಯೇ ನಿಂತಿವೆ. ನೀರಿನಡಿ ಸಾಕ್ಷಿ ಹೇಳುವವರು ಸಿಗುವುದಿಲ್ಲ.

ಕೊನೆಯ ಎರಡು ನಿಮಿಷ. ಆರಂಭದಲ್ಲಿ ನೆನಪಿನಲ್ಲಿಟ್ಟುಕೊಳ್ಳಿ ಎಂದು ನಾನು ಹೇಳಿದ್ದ ಒಬ್ಬನಿದ್ದ. ನ್ಯುಮೋನಿಯಾ ಆಗಿ ಬಂದರಿನಲ್ಲೇ ಉಳಿದ ರೇಡಿಯೋ ನಿರ್ವಾಹಕ. ಅವನು ಬದುಕಿದ. ಯುದ್ಧ ಮುಗಿದ ಮೇಲೆ ಊರಿಗೆ ಮರಳಿದ, ಮುದುಕನಾದ. ಯು-869ಕ್ಕೆ ಸೇರಿದ ಸಿಬ್ಬಂದಿಯಲ್ಲಿ, ಆ ಕೊನೆಯ ಪ್ರಯಾಣಕ್ಕೆ ಹೋಗದೆ ಉಳಿದವನು ಅವನು. ತನ್ನ ಜೊತೆಗಾರರು ಎಲ್ಲಿ ಮಲಗಿದ್ದಾರೆ ಎಂಬುದು ಅವನಿಗೆ ತಿಳಿದದ್ದು ಐವತ್ತು ವರ್ಷಗಳ ಮೇಲೆ, ಅಮೆರಿಕದ ಅಪರಿಚಿತ ಡೈವರ್‌ಗಳಿಂದ. ಅವರು ಹೇಳಿದ ಚಾಕುವಿನ ಹಿಡಿಯ ಮೇಲಿದ್ದ ಹೆಸರನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಯು-869ರ ರೇಡಿಯೋ ಕೋಣೆಯಲ್ಲಿ ಅದು ಅವನ ಮೇಲಿನವನ ಹೆಸರು. ಜನವರಿ 8ರ ಆಜ್ಞೆಯನ್ನು ಕೇಳಿಸಿಕೊಳ್ಳಬೇಕಿದ್ದವನ ಹೆಸರು.